ಶಾಲೆಯ ಲ್ಯಾಪ್‌ಟಾಪಿನಲ್ಲಿ ಸ್ಥಳ ಸಾಲದಾದಾಗ

ಪ್ರಶ್ನೆಪತ್ರಿಕೆಯನ್ನು ಬೆರಳಚ್ಚಿಸಿ ಉಳಿಸಲು ಹೊರಟಾಗ ಡಿಸ್ಕಿನಲ್ಲಿ ಸ್ಥಳವಿಲ್ಲವೆಂಬ ಸೂಚನೆ ತೆರೆಯ ಮೇಲೆ ಮೂಡುತ್ತದೆ. ಅಥವಾ ಹಿಂದಿನ ಸಂಜೆಯವರೆಗೆ ಸರಿಯಾಗಿಯೇ ಇದ್ದ ಲ್ಯಾಪ್‌ಟಾಪ್ ಮರುದಿನ ಬೆಳಿಗ್ಗೆ ಪಾಸ್‌ವರ್ಡನ್ನು ಸ್ವೀಕರಿಸಿದಂತೆ ಮಾಡಿ ಮತ್ತೆ ಅದೇ ಪ್ರವೇಶಪುಟಕ್ಕೆ ಮರಳುತ್ತದೆ. ಶಾಲೆಯಲ್ಲಿ ಗಣಕಯಂತ್ರವನ್ನು ಬಳಸುವ ಅಧ್ಯಾಪಕರಿಗೆ ಇವೆರಡೂ ಹೊಸ ಅನುಭವಗಳಲ್ಲ. ಇಂತಹ ವೇಳೆಯಲ್ಲಿ ದೊರೆಯುವ ಸಲಹೆಯೂ ಬಹುಮಟ್ಟಿಗೆ ಒಂದೇ: ಎಲ್ಲವನ್ನೂ ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿಬಿಡುವುದು.

ಗಡಿಯಾಚೆಯ ಕನ್ನಡ ಶಾಲೆಗಳು ಈ ಸಲಹೆಯನ್ನು ಹಗುರವಾಗಿ ಒಪ್ಪಿಕೊಳ್ಳುವಂತಿಲ್ಲ. ರಾಜ್ಯಭಾಷೆಯಲ್ಲಿ ಸಿದ್ಧವಾದ ಪಾಠಸಾಮಗ್ರಿ ಕಳೆದುಹೋದರೆ ಅದನ್ನು ಇನ್ನೊಮ್ಮೆ ಎಲ್ಲಿಂದಾದರೂ ತರಿಸಿಕೊಳ್ಳಬಹುದು. ಆದರೆ ಮಲಯಾಳದಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಬಂದ ಕೈಪಿಡಿಯನ್ನು ಒಬ್ಬ ಅಧ್ಯಾಪಕಿ ರಾತ್ರಿ ಕುಳಿತು ಕನ್ನಡಕ್ಕೆ ತಂದ ಪುಟಗಳು, ನಿವೃತ್ತರಾದ ಹಿರಿಯರು ಹತ್ತು ವರ್ಷ ಕೂಡಿಟ್ಟ ಪ್ರಶ್ನೆಸಂಗ್ರಹ, ಈಗ ಮುದ್ರಣದಲ್ಲಿಲ್ಲದ ಪಠ್ಯದ ಛಾಯಾಪ್ರತಿ ಇಂತಹವುಗಳಿಗೆ ಆ ಒಂದು ಲ್ಯಾಪ್‌ಟಾಪನ್ನು ಬಿಟ್ಟರೆ ಬೇರೆಲ್ಲಿಯೂ ಪ್ರತಿ ಇಲ್ಲದಿರುವುದೇ ಹೆಚ್ಚು. ಆದ್ದರಿಂದ ಡಿಸ್ಕಿನಲ್ಲಿ ಸ್ಥಳವನ್ನು ತೆರವುಗೊಳಿಸುವ ಕೆಲಸವು ಏನನ್ನು ಅಳಿಸಬಹುದು ಎಂಬುದಕ್ಕಿಂತ ಏನನ್ನು ಅಳಿಸಬಾರದು ಎಂಬುದರಿಂದ ಆರಂಭವಾಗಬೇಕಾಗುತ್ತದೆ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. 'ಮೆಮರಿ ತುಂಬಿದೆ' ಎಂಬ ಮಾತನ್ನು ಎರಡು ಬೇರೆ ಬೇರೆ ಸಂಗತಿಗಳಿಗೆ ಬಳಸುವ ರೂಢಿಯಿದೆ. ಡಿಸ್ಕ್ ಎಂಬುದು ಅಧ್ಯಾಪಕರ ಕೊಠಡಿಯ ಕಪಾಟಿನಂತೆ. ವಿದ್ಯುತ್ ಹೋದರೂ ಅದರೊಳಗಿನದು ಉಳಿಯುತ್ತದೆ. ರ‍್ಯಾಮ್ ಎಂಬುದು ಎದುರಿಗಿರುವ ಮೇಜು. ಕೆಲಸ ಮುಗಿದ ಮೇಲೆ ಬರಿದಾಗುತ್ತದೆ. ಲ್ಯಾಪ್‌ಟಾಪ್ ನಿಧಾನವಾಯಿತೆಂದು ಹಳೆಯ ಫೋಟೋಗಳನ್ನು ಅಳಿಸಿದರೆ ಕಪಾಟಿನಲ್ಲಿ ಜಾಗವಾಗುತ್ತದೆಯೇ ಹೊರತು ಮೇಜು ದೊಡ್ಡದಾಗುವುದಿಲ್ಲ. ಆದರೂ ಎರಡಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. ಮೇಜಿನ ಮೇಲೆ ಹಿಡಿಸದುದನ್ನು ವ್ಯವಸ್ಥೆಯು ತಾತ್ಕಾಲಿಕವಾಗಿ ಡಿಸ್ಕಿನಲ್ಲಿಯೇ ಇರಿಸುವುದರಿಂದ ಡಿಸ್ಕ್ ಪೂರ್ತಿ ತುಂಬಿದಾಗ ಯಂತ್ರವು ತಡವರಿಸತೊಡಗುತ್ತದೆ.

ಇನ್ನೊಂದು ಸಂದೇಹ ಡಿಸ್ಕಿನ ಅಳತೆಗೆ ಸಂಬಂಧಿಸಿದ್ದು. 500 ಜಿಬಿ ಎಂದು ನಮೂದಿಸಿದ ಡಿಸ್ಕನ್ನು ವಿಂಡೋಸ್ 465 ಜಿಬಿ ಎಂದು ತೋರಿಸುತ್ತದೆ. 256 ಜಿಬಿಯದು 238 ಆಗುತ್ತದೆ. ಸ್ಟಾಕ್ ರಿಜಿಸ್ಟರಿನಲ್ಲಿ ಬರೆದ ಅಂಕಿಯೂ ತೆರೆಯ ಮೇಲಿನ ಅಂಕಿಯೂ ತಾಳೆಯಾಗದೆ ಸಂಶಯಪಟ್ಟವರಿದ್ದಾರೆ. ಇಲ್ಲಿ ಮೋಸವೇನೂ ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೆ. ಉಬುಂಟುವಿನ ಕಡತ ವೀಕ್ಷಕವು ತಯಾರಕರಂತೆಯೇ ಸಾವಿರದ ಲೆಕ್ಕವನ್ನು ಹಿಡಿಯುತ್ತದೆ.

ಜಾಗವನ್ನು ತಿನ್ನುವುದು ಯಾವುದು

ಕನ್ನಡ ಬರಹವು ಹೆಚ್ಚು ಸ್ಥಳವನ್ನು ಹಿಡಿಯುತ್ತದೆಂಬ ಭಾವನೆ ಕೆಲವರಲ್ಲಿದೆ. ಅದಕ್ಕೆ ಸ್ವಲ್ಪ ಆಧಾರವೂ ಇದೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ರೋಮನ್ ಲಿಪಿಯ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. 'ಕನ್ನಡ' ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರಾದರೂ ಯಂತ್ರದೊಳಗೆ ಅದು ಕ, ನ, ವಿರಾಮಚಿಹ್ನೆಯಾದ ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ ಎಂಬ ಐದು ಸಂಕೇತಗಳಾಗಿ 15 ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ 7 ಬೈಟುಗಳಲ್ಲಿ ಮುಗಿಯುತ್ತದೆ.

ಆದರೆ ಈ ವ್ಯತ್ಯಾಸವು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಸುಮಾರು 2000 ಸಂಕೇತಗಳಿರುವ ಒಂದು ಪುಟದ ಕನ್ನಡ ಬರಹಕ್ಕೆ 6 ಕೆಬಿ ಬೇಕು. ಅದೇ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದರೆ 3 ಎಂಬಿಯಾದರೂ ಆಗುತ್ತದೆ, ಎಂದರೆ ಐನೂರು ಪಟ್ಟು. ಮೊಬೈಲಿನ ಉತ್ತಮ ಗುಣಮಟ್ಟದ ವೀಡಿಯೊ ಒಂದು ನಿಮಿಷಕ್ಕೆ 100 ಎಂಬಿಯ ಆಸುಪಾಸು ಹಿಡಿಯುವುದು ಸಾಮಾನ್ಯ. ಶಾಲಾ ಕಲೋತ್ಸವಕ್ಕೆ ಮಕ್ಕಳು ಅಭ್ಯಾಸ ಮಾಡಿದ ಯಕ್ಷಗಾನವನ್ನು 20 ನಿಮಿಷ ಚಿತ್ರೀಕರಿಸಿದರೆ 2 ಜಿಬಿ ಹೋಯಿತು. ಅಷ್ಟು ಸ್ಥಳದಲ್ಲಿ ಬೆರಳಚ್ಚಿಸಿದ ಕನ್ನಡದ ಮೂರು ಲಕ್ಷಕ್ಕೂ ಮಿಕ್ಕಿದ ಪುಟಗಳು ಹಿಡಿಸುತ್ತವೆ. ಪಾಠಟಿಪ್ಪಣಿಗಳನ್ನು ಅಳಿಸಿ ಜಾಗ ಮಾಡಿಕೊಳ್ಳುವ ಪ್ರಯತ್ನವು ಎಷ್ಟು ನಿಷ್ಪ್ರಯೋಜಕ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಆದರೂ ತುರ್ತಿನಲ್ಲಿ ಮೊದಲು ಬಲಿಯಾಗುವುದು ಅವೇ. ಅವು ಸಂಖ್ಯೆಯಲ್ಲಿ ಹೆಚ್ಚು, ಹೆಸರು ನೋಡಿದರೆ ಹಳೆಯವು, ಅಳಿಸಿದಾಗ ಪಟ್ಟಿ ಗಿಡ್ಡವಾದಂತೆ ಕಾಣುತ್ತದೆ.

ಸ್ಕ್ಯಾನ್ ಮಾಡಿದ ಪುಸ್ತಕಗಳ ವಿಷಯವನ್ನು ಪ್ರತ್ಯೇಕವಾಗಿ ಗಮನಿಸಬೇಕು. ಒಂದು ಎ4 ಪುಟವನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 2480ಕ್ಕೆ 3508ರಂತೆ ಸುಮಾರು 87 ಲಕ್ಷ ಬಿಂದುಗಳಾಗುತ್ತವೆ. ಬಣ್ಣದಲ್ಲಿ ಪ್ರತಿ ಬಿಂದುವಿಗೆ 3 ಬೈಟಿನಂತೆ, ಸಂಕುಚಿಸುವ ಮೊದಲು, ಅದು 26 ಎಂಬಿ. ಬೂದುಬಣ್ಣದಲ್ಲಿ ಅದರ ಮೂರನೆಯ ಒಂದು ಭಾಗ. ಬರಿಯ ಕಪ್ಪುಬಿಳುಪಿನಲ್ಲಿ 1 ಎಂಬಿಗಿಂತ ತುಸು ಹೆಚ್ಚು. ಚಿತ್ರಗಳಿಲ್ಲದ ವ್ಯಾಕರಣ ಪುಸ್ತಕವನ್ನು 600 ಡಿಪಿಐಯ ಬಣ್ಣದಲ್ಲಿ ಸ್ಕ್ಯಾನ್ ಮಾಡಿಡುವುದರಿಂದ ಓದುವವರಿಗೆ ಲಾಭವೇನೂ ಇಲ್ಲ. ಆದರೆ ಕನ್ನಡದ ಒತ್ತಕ್ಷರಗಳು ಸಣ್ಣವಾದ್ದರಿಂದ 200ಕ್ಕಿಂತ ಕೆಳಗಿಳಿದರೆ ಒತ್ತುಗಳು ಕಲಸಿಹೋಗುತ್ತವೆ. ಹಳೆಯ ಅಚ್ಚಿನ ಪುಸ್ತಕಗಳಿಗೆ 300ರ ಬೂದುಬಣ್ಣವೇ ಸುರಕ್ಷಿತ.

ಇಂತಹ ಕಡತಗಳನ್ನು ಜಿಪ್ ಮಾಡಿ ಇಟ್ಟರೆ ಜಾಗ ಉಳಿಯುತ್ತದೆಂಬ ನಂಬಿಕೆಯೂ ಇದೆ. ಫೋಟೋ, ವೀಡಿಯೊ, ಹಾಡು ಮೊದಲಾದವು ಆಗಲೇ ಸಂಕುಚಿಸಲ್ಪಟ್ಟ ರೂಪದಲ್ಲಿರುವುದರಿಂದ ಜಿಪ್ ಮಾಡಿದರೂ ಹೆಚ್ಚು ಕಡಮೆ ಅಷ್ಟೇ ಉಳಿಯುತ್ತವೆ. ಲಿಬ್ರೆ ಆಫೀಸಿನ ಬರಹಕಡತವಂತೂ ಒಳಗಿನಿಂದ ಜಿಪ್ ಕಡತವೇ ಆಗಿದೆ. ನಿಜವಾದ ಉಳಿತಾಯವಿರುವುದು ಸ್ಲೈಡುಗಳಲ್ಲಿ. ಮೊಬೈಲಿನ ಫೋಟೋಗಳನ್ನು ಹಾಗೆಯೇ ಅಂಟಿಸಿದ ಪ್ರಸ್ತುತಿಯು ನೂರಾರು ಎಂಬಿ ಆಗುವುದುಂಟು. ಇಂಪ್ರೆಸ್ಸಿನ ಟೂಲ್ಸ್ ಪಟ್ಟಿಯಲ್ಲಿರುವ 'ಮಿನಿಮೈಸ್ ಪ್ರೆಸೆಂಟೇಶನ್' ಎಂಬ ಸೌಲಭ್ಯವು ಅದನ್ನು ಬಹಳಷ್ಟು ಕುಗ್ಗಿಸುತ್ತದೆ. ಗೋಡೆಯ ಮೇಲೆ ಬೀಳುವ ಚಿತ್ರದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ನೋಡಿ ತಿಳಿಯದೆ ಅಳಿಸಬಾರದು

ಕೇರಳದ ಸರಕಾರಿ ಹಾಗೂ ಅನುದಾನಿತ ಶಾಲೆಗಳಿಗೆ 2018ರಲ್ಲಿ ಆರಂಭವಾದ ಹೈಟೆಕ್ ಶಾಲಾ ಯೋಜನೆಯಡಿ ಬಂದ ಲ್ಯಾಪ್‌ಟಾಪುಗಳಲ್ಲಿ ಉಬುಂಟು ಆಧಾರಿತವಾದ ಕೈಟ್ ಗ್ನೂ/ಲಿನಕ್ಸ್ ಇದೆ. ಕಾಸರಗೋಡಿನ ಅಧ್ಯಾಪಕರಿಗೆ ಇದು ಪರಿಚಿತ. ಇದರಲ್ಲಿ ಡಿಸ್ಕ್ ಯೂಸೇಜ್ ಅನಲೈಸರ್ ಎಂಬ ಸಾಧನವನ್ನು ತೆರೆದರೆ ಯಾವ ಫೋಲ್ಡರ್ ಎಷ್ಟು ಸ್ಥಳವನ್ನು ಹಿಡಿದಿದೆ ಎಂಬುದು ವರ್ತುಲಗಳ ಚಿತ್ರವಾಗಿ ಕಾಣುತ್ತದೆ. ಹೊರ ವರ್ತುಲದ ಅಗಲವಾದ ತುಂಡನ್ನು ಹಿಡಿದು ಹೋದರೆ ದೊಡ್ಡ ಕಡತವಿರುವ ತಾಣ ಸಿಗುತ್ತದೆ. ಐದು ನಿಮಿಷದ ಈ ಕೆಲಸವು ಒಂದು ಗಂಟೆಯ ಹುಡುಕಾಟವನ್ನು ತಪ್ಪಿಸುತ್ತದೆ. ವಿಂಡೋಸ್ ಇರುವಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಎಂಬ ಕ್ರಮದಲ್ಲಿ ಹೋದರೆ ಇದೇ ಬಗೆಯ ವಿವರ ದೊರೆಯುತ್ತದೆ.

ಎಲ್ಲಕ್ಕಿಂತ ನಿರಪಾಯವಾಗಿ ತೆಗೆಯಬಹುದಾದುದು ವ್ಯವಸ್ಥೆಯೇ ಕೂಡಿಟ್ಟುಕೊಂಡ ಕಸ. ಉಬುಂಟುವಿನಲ್ಲಿ ತಂತ್ರಾಂಶಗಳನ್ನು ಹಾಕುವಾಗ ಇಳಿಸಿಕೊಂಡ ಪೊಟ್ಟಣಗಳು ಹಾಗೆಯೇ ಉಳಿದಿರುತ್ತವೆ. ಟರ್ಮಿನಲ್ಲಿನಲ್ಲಿ 'ಸುಡೊ ಆಪ್ಟ್ ಕ್ಲೀನ್' ಎಂಬ ಆಜ್ಞೆಯನ್ನು ಕೊಟ್ಟರೆ ಅವು ಹೋಗುತ್ತವೆ; ಹಾಕಿದ ತಂತ್ರಾಂಶಗಳಿಗೆ ಧಕ್ಕೆಯಾಗುವುದಿಲ್ಲ. 'ಸುಡೊ ಆಪ್ಟ್ ಆಟೊರಿಮೂವ್' ಎಂಬುದು ಬಳಕೆಯಲ್ಲಿಲ್ಲದ ಹಳೆಯ ಕರ್ನೆಲ್‌ಗಳನ್ನೂ ಬೇಡವಾದ ಪೂರಕ ಪೊಟ್ಟಣಗಳನ್ನೂ ತೆಗೆಯುತ್ತದೆ. ಆದರೆ ಅದು ಸಮ್ಮತಿ ಕೇಳುವ ಮೊದಲು ತೋರಿಸುವ ಪಟ್ಟಿಯನ್ನು ಓದದೆ ಒಪ್ಪಿಗೆ ಕೊಡಬಾರದು. ಆಜ್ಞೆಗಳನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿಯೇ ಬೆರಳಚ್ಚಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿಂಡೋಸಿನ ಡಿಸ್ಕ್ ಕ್ಲೀನಪ್ ಸಾಧನವೂ ಉಪಯುಕ್ತವೇ. ದೊಡ್ಡ ನವೀಕರಣದ ಬಳಿಕ ಉಳಿಯುವ ಹಳೆಯ ವಿಂಡೋಸಿನ ಫೋಲ್ಡರ್ ಹಲವಾರು ಜಿಬಿ ಇರುತ್ತದೆ. ಹೊಸ ಆವೃತ್ತಿ ಸರಿಯಾಗಿ ನಡೆಯುತ್ತಿದ್ದರೆ ಅದನ್ನು ತೆಗೆಯಬಹುದು. ಇಲ್ಲಿ ಒಂದು ಅಪಾಯವಿದೆ. ವಿಂಡೋಸ್ 10ರ ಕೆಲವು ಆವೃತ್ತಿಗಳ ಡಿಸ್ಕ್ ಕ್ಲೀನಪ್ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬ ಹೆಸರೂ ಸೇರಿದೆ. ಅದಕ್ಕೂ ಗುರುತು ಹಾಕಿದರೆ ಆ ಫೋಲ್ಡರಿನಲ್ಲಿರುವುದೆಲ್ಲವೂ ಹೋಗುತ್ತದೆ. ಸಹೋದ್ಯೋಗಿಗಳು ಕಳುಹಿಸಿದ ಪ್ರಶ್ನೆಪತ್ರಿಕೆ, ಇಲಾಖೆಯ ಸುತ್ತೋಲೆ, ಅನುವಾದದ ಕರಡು ಎಲ್ಲವನ್ನೂ ಅಲ್ಲಿಯೇ ಬಿಟ್ಟಿರುವ ಅಧ್ಯಾಪಕರ ಸಂಖ್ಯೆ ಕಡಮೆಯದಲ್ಲ.

ಬರಿದಾದರೂ ತುಂಬಿರುವ ಪೆನ್‌ಡ್ರೈವ್

ಅಳಿಸಿದ ಕಡತವು ಕೂಡಲೇ ಡಿಸ್ಕನ್ನು ಬಿಟ್ಟು ಹೋಗುವುದಿಲ್ಲ; ಕಸದಬುಟ್ಟಿಗೆ ಸೇರುತ್ತದೆ. ಬುಟ್ಟಿಯನ್ನು ಬರಿದು ಮಾಡುವವರೆಗೆ ಒಂದು ಬೈಟಿನಷ್ಟು ಜಾಗವೂ ಮರಳಿ ಸಿಗದು. ಇದು ಗೊತ್ತಿರುವವರೂ ಪೆನ್‌ಡ್ರೈವಿನ ವಿಷಯದಲ್ಲಿ ಎಡವುತ್ತಾರೆ. ಉಬುಂಟುವಿನಲ್ಲಿ ಪೆನ್‌ಡ್ರೈವಿನಿಂದ ಅಳಿಸಿದ ಕಡತಗಳು ಅದೇ ಪೆನ್‌ಡ್ರೈವಿನೊಳಗೆ ಒಂದು ಅಡಗಿದ ಫೋಲ್ಡರಿಗೆ ಹೋಗಿ ಕೂಡುತ್ತವೆ. ತೆರೆದು ನೋಡಿದರೆ ಏನೂ ಕಾಣದು. ಹೊಸ ಕಡತವನ್ನು ಹಾಕಹೋದರೆ ಸ್ಥಳವಿಲ್ಲ. ಪೆನ್‌ಡ್ರೈವ್ ಕೆಟ್ಟಿತೆಂದು ಎಸೆದವರೂ ಇದ್ದಾರು. ಕಡತ ವೀಕ್ಷಕದಲ್ಲಿ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚುಕ್ಕಿಯಿಂದ ಆರಂಭವಾಗುವ ಹೆಸರಿನ ಆ ಫೋಲ್ಡರ್ ಗೋಚರಿಸುತ್ತದೆ. ಪೆನ್‌ಡ್ರೈವನ್ನು ಚುಚ್ಚಿರುವಾಗಲೇ ಕಸದಬುಟ್ಟಿಯನ್ನು ಬರಿದು ಮಾಡಿದರೆ ಅದೂ ತೆರವಾಗುತ್ತದೆ.

ಜಾಗವಿದ್ದರೂ ದೊಡ್ಡ ವೀಡಿಯೊವನ್ನು ಪೆನ್‌ಡ್ರೈವ್ ನಿರಾಕರಿಸುವ ಪ್ರಸಂಗವೂ ಉಂಟು. ಅದು ಫ್ಯಾಟ್32 ಎಂಬ ಹಳೆಯ ವಿನ್ಯಾಸದಲ್ಲಿದ್ದರೆ 4 ಜಿಬಿಗೆ ಮೀರಿದ ಒಂದೇ ಕಡತವನ್ನು ಹಿಡಿಯಲಾರದು.

ಬುಟ್ಟಿಯನ್ನು ಬರಿದು ಮಾಡಿದ ಮೇಲೆ ಬೇಕಾದ ಕಡತವೂ ಹೋಯಿತೆಂದು ತಿಳಿದರೆ ಆ ಕ್ಷಣದಲ್ಲಿಯೇ ಲ್ಯಾಪ್‌ಟಾಪಿನ ಬಳಕೆಯನ್ನು ನಿಲ್ಲಿಸಬೇಕು. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದೆಂದರೆ ವಿಳಾಸವನ್ನು ಕಿತ್ತುಹಾಕುವುದು ಮಾತ್ರ. ಅದರ ಮೇಲೆ ಬೇರೆಯದನ್ನು ಬರೆಯುವವರೆಗೆ ಮರಳಿ ಪಡೆಯುವ ಅವಕಾಶವಿರುತ್ತದೆ. ಎಸ್‌ಎಸ್‌ಡಿ ಇದ್ದರೆ ಆ ಆಶೆ ಬಹಳ ಕಡಮೆ. ಬಿಡುವಾದ ಭಾಗಗಳನ್ನು ವ್ಯವಸ್ಥೆಯೇ ಡಿಸ್ಕಿಗೆ ತಿಳಿಸಿ ಬರಿದು ಮಾಡಿಸುತ್ತದೆ.

ಅಕ್ಷರಶೈಲಿಗಳ ವಿಷಯ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎದುರಾಗುವ ಒಂದು ಹಾನಿಯಿದೆ; ಸಾಮಾನ್ಯ ಮಾರ್ಗದರ್ಶಿಗಳಲ್ಲಿ ಅದರ ಉಲ್ಲೇಖವಿರುವುದಿಲ್ಲ. ಯೂನಿಕೋಡ್ ವ್ಯಾಪಕವಾಗುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಕಡತಗಳೊಳಗೆ ಇರುವುದು ವಾಸ್ತವದಲ್ಲಿ ಕನ್ನಡದ ಸಂಕೇತಗಳಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ ವಿಶಿಷ್ಟ ಅಕ್ಷರಶೈಲಿಯೊಂದು ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. 'ಬಳಸದ ಫಾಂಟುಗಳು' ಎಂದು ಭಾವಿಸಿ ಅವನ್ನು ಅಳಿಸಿದರೆ, ಅಥವಾ ಹೊಸ ವ್ಯವಸ್ಥೆ ಹಾಕುವಾಗ ಅವು ಬಿಟ್ಟುಹೋದರೆ, ಕಡತ ಹಾಗೆಯೇ ಇದ್ದರೂ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಮಾತ್ರ ಎದುರಾಗುತ್ತದೆ. ಕಡತ ಕೆಟ್ಟಿದೆಯೆಂದು ತಿಳಿದು ಮುಂದಿನವರು ಅದನ್ನೂ ಅಳಿಸುತ್ತಾರೆ. ಅಲ್ಲಿಗೆ ಹಿಂದಿನವರ ಶ್ರಮ ಮುಗಿಯಿತು.

ಒಂದು ಅಕ್ಷರಶೈಲಿಯ ಕಡತವು ಒಂದು ಫೋಟೋದಷ್ಟೂ ಸ್ಥಳವನ್ನು ಬೇಡುವುದಿಲ್ಲ. ಇಂತಹ ಹಳೆಯ ಕಡತಗಳಿದ್ದರೆ ಅವುಗಳ ಫೋಲ್ಡರಿನಲ್ಲಿಯೇ ಸಂಬಂಧಪಟ್ಟ ಅಕ್ಷರಶೈಲಿಯ ಒಂದು ಪ್ರತಿಯನ್ನೂ ಇಡುವುದು ಮೊದಲ ರಕ್ಷಣೆ. ಪಿಡಿಎಫ್ ಮಾಡಿಡುವುದು ಎರಡನೆಯದು. ಅದರೊಳಗೆ ಅಕ್ಷರಶೈಲಿಯೂ ಅಡಕವಾಗುವುದರಿಂದ ಓದಲು ತೊಂದರೆಯಿರದು, ತಿದ್ದಲು ಮಾತ್ರ ಆಗದು. ಪೂರ್ಣ ಪರಿಹಾರವೆಂದರೆ ಯೂನಿಕೋಡಿಗೆ ಪರಿವರ್ತಿಸುವುದು. ಅದಕ್ಕೆ ನುಡಿಯಲ್ಲಿಯೂ ಬರಹದಲ್ಲಿಯೂ ಪರಿವರ್ತಕಗಳಿವೆ. ಪರಿವರ್ತನೆಯಾದ ಬಳಿಕ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಮೂಲದೊಂದಿಗೆ ಒಮ್ಮೆ ಹೋಲಿಸಿ ನೋಡಬೇಕು. ಅದುವರೆಗೆ ಮೂಲವನ್ನು ಅಳಿಸತಕ್ಕದ್ದಲ್ಲ.

ಪ್ರತಿ ಮಾಡಿ, ತೆರೆದು ನೋಡಿ, ಆಮೇಲೆ ಅಳಿಸುವುದು

ದೊಡ್ಡ ವೀಡಿಯೊಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸುವುದು ಸರಿಯಾದ ದಾರಿ. ಆದರೆ 'ಮೂವ್' ಎಂಬುದನ್ನು ಬಳಸದೆ ಮೊದಲು ನಕಲು ಮಾಡಿ, ನಕಲಿನಿಂದ ಎರಡು ಮೂರು ಕಡತಗಳನ್ನಾದರೂ ತೆರೆದು ನೋಡಿ, ಆ ಬಳಿಕ ಮೂಲವನ್ನು ತೆಗೆಯಬೇಕು. ಲಿನಕ್ಸಿನಲ್ಲಿ ನಕಲು ಮುಗಿಯಿತೆಂದು ತೆರೆ ಹೇಳಿದ ಮೇಲೂ ಕೊನೆಯ ಭಾಗವು ಇನ್ನೂ ರ‍್ಯಾಮಿನಲ್ಲಿದ್ದು ಪೆನ್‌ಡ್ರೈವಿಗೆ ಬರೆಯಲ್ಪಡುತ್ತಿರಬಹುದು. ಗಂಟೆ ಹೊಡೆಯಿತೆಂದು ಅವಸರದಿಂದ ಕಿತ್ತುಕೊಂಡರೆ ಮನೆಯಲ್ಲಿ ತೆರೆದಾಗ ಅರ್ಧ ಕಡತವಷ್ಟೇ ಇರುತ್ತದೆ. 'ಇಜೆಕ್ಟ್' ಒತ್ತಿ, ತೆಗೆಯಬಹುದೆಂಬ ಸೂಚನೆಗಾಗಿ ಕಾಯಲೇಬೇಕು.

ಅಂತರಜಾಲದ ಸಂಗ್ರಹವನ್ನು ನೆಚ್ಚುವವರು ಎರಡು ಮಾತುಗಳನ್ನು ನೆನಪಿಡಬೇಕು. ಗೂಗಲ್ ಖಾತೆಗೆ ಉಚಿತವಾಗಿ ದೊರೆಯುವ 15 ಜಿಬಿಯಲ್ಲಿ ಮಿಂಚಂಚೆ, ಡ್ರೈವ್, ಫೋಟೋ ಮೂರೂ ಸೇರಿವೆ. ಎರಡನೆಯದು ಇನ್ನೂ ಮುಖ್ಯ: ಲ್ಯಾಪ್‌ಟಾಪಿನ ಫೋಲ್ಡರನ್ನು ಅಂತರಜಾಲದೊಂದಿಗೆ ಜೋಡಿಸಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಜೋಡಣೆಯೇ ಬೇರೆ, ಕಾಪುಪ್ರತಿಯೇ ಬೇರೆ. ಹಾಗೆಂದು ಬೆರಳಚ್ಚಿಸಿದ ಬರಹಗಳನ್ನು ಅಲ್ಲಿರಿಸಲು ಹಿಂಜರಿಯಬೇಕಾಗಿಲ್ಲ. ಒಂದು ಶಾಲೆಯ ಹತ್ತು ವರ್ಷಗಳ ಕನ್ನಡ ಬರಹವೆಲ್ಲ ಕೂಡಿದರೂ ಒಂದು ಸಣ್ಣ ವೀಡಿಯೊದಷ್ಟಾಗುವುದು ಕಷ್ಟ. ದುರ್ಬಲ ಸಂಪರ್ಕವಿರುವ ಊರಿನಿಂದಲೂ ಅದನ್ನು ಏರಿಸಬಹುದು.

ಪ್ರವೇಶಪುಟದಿಂದ ಮುಂದೆ ಹೋಗದ ಉಬುಂಟು ಲ್ಯಾಪ್‌ಟಾಪಿಗೂ ಫಾರ್ಮ್ಯಾಟ್ ಅನಿವಾರ್ಯವಲ್ಲ. ಡಿಸ್ಕ್ ಪೂರ್ತಿ ತುಂಬಿದಾಗ ಪರದೆಯನ್ನು ಸಿದ್ಧಪಡಿಸಲು ಬೇಕಾದ ಸಣ್ಣ ಕಡತಗಳನ್ನು ಕೂಡ ಬರೆಯಲಾಗದೆ ಅದು ಹಿಂದಿರುಗುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಿಯ ಅಕ್ಷರಗಳ ಕಪ್ಪು ತೆರೆ ಬರುತ್ತದೆ. ಅಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕರೆ ಪಾಸ್‌ವರ್ಡ್ ತಪ್ಪಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಮೇಲೆ ಹೇಳಿದ 'ಆಪ್ಟ್ ಕ್ಲೀನ್' ಆಜ್ಞೆಯಿಂದ ಸ್ವಲ್ಪ ಸ್ಥಳ ದೊರೆತು, ಯಂತ್ರವನ್ನು ಮರಳಿ ಆರಂಭಿಸಿದಾಗ ಬಾಗಿಲು ತೆರೆಯುವ ಸಂಭವವಿದೆ. ಅದೂ ಆಗದಿದ್ದರೆ ಉಬುಂಟು ಇರುವ ಪೆನ್‌ಡ್ರೈವಿನಿಂದ ಆರಂಭಿಸಿ 'ಇನ್‌ಸ್ಟಾಲ್' ಎಂಬುದನ್ನು ಮುಟ್ಟದೆ 'ಟ್ರೈ' ಎಂಬುದನ್ನು ಆರಿಸಿದರೆ, ಡಿಸ್ಕಿನಲ್ಲಿರುವುದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಕಡತಗಳಿಗೆ ಅನುಮತಿಯಿಲ್ಲವೆಂದು ತೋರಿಸಿದರೆ ನಿರ್ವಾಹಕನ ಅಧಿಕಾರದಿಂದ ತೆರೆಯಬೇಕಾಗುತ್ತದೆ. ಆ ಹಂತದಲ್ಲಿ ಶಾಲೆಯ ಐಟಿ ಹೊಣೆಯಿರುವ ಅಧ್ಯಾಪಕರ ನೆರವು ಪಡೆಯುವುದು ಲೇಸು. ದುರಸ್ತಿಗೆ ಬಂದವರ ಕೈಗೆ ಲ್ಯಾಪ್‌ಟಾಪ್ ಸೇರಬೇಕಾದುದು ಈ ನಕಲು ಮುಗಿದ ಮೇಲೆಯೇ.

ತರಗತಿಯಲ್ಲಿ

ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಇದೇ ವಿಷಯವನ್ನು ಒಂದು ಅವಧಿಯ ಚಟುವಟಿಕೆಯಾಗಿ ಕೊಡಬಹುದು. ಪಠ್ಯದ ಒಂದು ಪದ್ಯವನ್ನು ಒಂದು ಗುಂಪು ಬೆರಳಚ್ಚಿಸಲಿ, ಇನ್ನೊಂದು ಗುಂಪು ಫೋಟೋ ತೆಗೆಯಲಿ, ಮೂರನೆಯದು ಹಾಡಿ ಧ್ವನಿಮುದ್ರಿಸಲಿ, ನಾಲ್ಕನೆಯದು ಹಾಡುವವರನ್ನು ಚಿತ್ರೀಕರಿಸಲಿ. ನಾಲ್ಕು ಕಡತಗಳ ಗಾತ್ರವನ್ನು ಹಲಗೆಯ ಮೇಲೆ ಬರೆದು ಅನುಪಾತ ತೆಗೆಯುವುದು ಗಣಿತಕ್ಕೂ ಹೊಂದುತ್ತದೆ. ತಮ್ಮ ಹೆಸರಿಗೆ ಎಷ್ಟು ಬೈಟುಗಳು ಬೇಕೆಂದು ಸಂಕೇತಗಳನ್ನು ಎಣಿಸಿ ಮೂರರಿಂದ ಗುಣಿಸುವ ಆಟದಲ್ಲಿ ಒತ್ತಕ್ಷರ, ಗುಣಿತಾಕ್ಷರಗಳ ರಚನೆಯೂ ಮನವರಿಕೆಯಾಗುತ್ತದೆ. ಲಕ್ಷ್ಮಿ ಎಂಬ ಹೆಸರಿನವಳಿಗೆ ತನ್ನ ಎರಡಕ್ಷರದ ಹೆಸರು ಏಳು ಸಂಕೇತಗಳ 21 ಬೈಟುಗಳೆಂದು ತಿಳಿದು ಅಚ್ಚರಿಯಾಗಬಹುದು.

ವರ್ಗಾವಣೆಯ ಸಂದರ್ಭಕ್ಕೆ ಸಂಬಂಧಿಸಿದ ಒಂದು ಕ್ರಮವನ್ನೂ ಶಾಲೆಗಳು ರೂಢಿಸಿಕೊಳ್ಳಬಹುದು. ಬಿಟ್ಟುಹೋಗುವ ಅಧ್ಯಾಪಕರು 'ಕನ್ನಡ ಸಾಮಗ್ರಿ' ಎಂಬ ಒಂದೇ ಫೋಲ್ಡರಿನಲ್ಲಿ ವರ್ಷ, ತರಗತಿ, ವಿಷಯ ಎಂಬ ಅನುಕ್ರಮದ ಹೆಸರುಗಳೊಂದಿಗೆ ಎಲ್ಲವನ್ನೂ ಕೂಡಿಸಿ, ಅದರ ಎರಡನೆಯ ಪ್ರತಿ ಎಲ್ಲಿದೆ, ಯಾವ ಕಡತಗಳಿಗೆ ಯಾವ ಅಕ್ಷರಶೈಲಿ ಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸ್ಟಾಕ್ ರಿಜಿಸ್ಟರಿಗೆ ಅಂಟಿಸುವುದು. ಹೊಸದಾಗಿ ಬಂದವರು ಲ್ಯಾಪ್‌ಟಾಪನ್ನು ವಹಿಸಿಕೊಂಡು ಸಹಿ ಹಾಕುವ ಮೊದಲು ಆ ಫೋಲ್ಡರನ್ನು ತೆರೆದು ಹಾಳೆಯೊಂದಿಗೆ ತಾಳೆ ನೋಡಿಕೊಳ್ಳತಕ್ಕದ್ದು.